ಕೊನೆಯ ಫೋಟೋ ಮಾತ್ರ

ಮೇಸ್ತ್ರಿ ಮೆಟ್ಟಿಲು ಹತ್ತಿ ಮೇಲೆ ಬಂದರೆಂದರೆ ಕೆಳಗೆ ಏನೋ ಕೆಟ್ಟಿದೆ ಎಂದೇ ಅರ್ಥ. ಮೂವತ್ತೊಂದು ವರ್ಷದಿಂದ ಅವರು ಆ ಕಟ್ಟಡದ ನೆಲಮಹಡಿಯಲ್ಲಿ ಕೃತಕ ಕಾಲು ಮಾಡುತ್ತ ಬಂದಿದ್ದರು. ಮೇಲಿನ ಮಹಡಿಯಲ್ಲಿರುವುದೆಲ್ಲ ಬರೀ ಕುರ್ಚಿ, ಕಾಗದ, ಮಾತು ಎಂಬುದು ಅವರ ಅಭಿಪ್ರಾಯ. ಆ ವಾರ ಅವರು ಬಂದದ್ದು ಮೂರನೆಯ ಸಲ. ಹುಬ್ಬಿನ ಮೇಲೆ ಪ್ಲಾಸ್ಟರ್ ಪುಡಿ, ಕೈಯಲ್ಲಿ ಮಡಚಿದ ಚೀಟಿ, ಮುಖದಲ್ಲಿ ಒಲೆಯ ಮೇಲಿಟ್ಟ ಹಾಲು ಒಡೆದುಹೋದವರ ಕಳೆ.

"ಮತ್ತೆ ಒಂದೇ ಫೋಟೋ ಬಂದಿದೆ ಕಣಮ್ಮ," ಎಂದರು.

ಕಿಟಕಿಯ ಪಕ್ಕದ ಮೇಜಿನ ಹಿಂದೆ ಕೂತಿದ್ದವಳು ತಲೆ ಎತ್ತಲಿಲ್ಲ. ಸಂಸ್ಥೆಯ ಕಂಪ್ಯೂಟರ್ ಕೆಲಸವನ್ನೆಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದ ಅವಳನ್ನು ಕೆಳಗಿನವರು ಕಂಪ್ಯೂಟರಮ್ಮ ಎನ್ನುತ್ತಿದ್ದರು. ಮೊದಮೊದಲು ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಒಂಬತ್ತು ವರ್ಷದಲ್ಲಿ ಅದೂ ಒಗ್ಗಿಹೋಗಿತ್ತು. ಪ್ರಿಂಟರ್ ಹಾಳೆ ಕಚ್ಚಿಕೊಂಡರೂ ಅವಳೇ, ಫೋನಿನ ತಂತಿ ಸಡಿಲವಾದರೂ ಅವಳೇ, ಗೋಡೆಯ ಗಡಿಯಾರ ನಿಂತರೂ ಅವಳೇ. ಬ್ಯಾಟರಿ ಹಾಕುವುದಕ್ಕೂ ತಾನು ಓದಿದ ಓದಿಗೂ ಏನು ಸಂಬಂಧ ಎಂದು ಕೇಳುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ.

ಆ ಸಂಸ್ಥೆಗೆ ಕಾಲು ಬೇಕೆಂದು ಬರುವವರೆಲ್ಲ ದೂರದೂರದವರು. ಮೊದಲಾದರೆ ಅವರು ಎರಡು ಬಸ್ಸು ಬದಲಿಸಿ, ಯಾರದೋ ಹೆಗಲಿಗೆ ಜೋತುಬಿದ್ದು ಬಂದು, "ಗಾಯ ಇನ್ನೂ ಮಾಗಿಲ್ಲ, ಎರಡು ತಿಂಗಳು ಬಿಟ್ಟು ಬನ್ನಿ" ಎಂಬ ಮಾತು ಕೇಳಿ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡುತ್ತಿದ್ದರು. ಅದನ್ನು ತಪ್ಪಿಸಲೆಂದೇ ಅವಳು ಮೂರು ವರ್ಷದ ಹಿಂದೆ ಒಂದು ವೆಬ್ ಅರ್ಜಿ ಮಾಡಿದ್ದಳು. ಕಾಲು ಕಳೆದುಕೊಂಡವರು ಮನೆಯಲ್ಲೇ ಕೂತು ಮೂರು ಫೋಟೋ ಕಳಿಸಬೇಕು: ಎದುರಿನಿಂದ ಒಂದು, ಪಕ್ಕದಿಂದ ಒಂದು, ಮಂಡಿ ಮಡಚಿ ಒಂದು. ಜೊತೆಗೆ ವೈದ್ಯರ ಪತ್ರ. ನಾಲ್ಕನ್ನೂ ನೋಡಿ ಮೇಸ್ತ್ರಿ, ಇವರನ್ನು ಅಚ್ಚು ತೆಗೆಯಲು ಕರೆಯಬಹುದೋ ಇಲ್ಲವೋ ಹೇಳುತ್ತಿದ್ದರು. ಮೇಸ್ತ್ರಿ ಎಂದೂ ಮೊಂಡುಗಾಲು ಎನ್ನುತ್ತಿರಲಿಲ್ಲ. ಉಳಿದ ಕಾಲು ಎನ್ನುತ್ತಿದ್ದರು. ಅರ್ಜಿಯಲ್ಲೂ ಅವಳು ಅದೇ ಮಾತನ್ನು ಹಾಕಿದ್ದಳು. ಆ ಅರ್ಜಿಯೆಂದರೆ ಅವಳಿಗೆ ಹೆಮ್ಮೆ. ತಾನು ಮಾಡಿದ್ದರಲ್ಲಿ ನಿಜವಾಗಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ಅವಳು ಒಳಗೊಳಗೇ ನಂಬಿದ್ದಳು.

"ಜನ ಓದಲ್ಲ ಮೇಸ್ತ್ರಿಗಳೇ," ಎಂದಳು ಪರದೆಯಿಂದ ಕಣ್ಣು ಕೀಳದೆ. "ನಾಲ್ಕು ಕಳಿಸಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಒಂದು ಕಳಿಸಿ ಕೈ ತೊಳ್ಕೋತಾರೆ. ನಾನೇನು ಮಾಡ್ಲಿ?"

ಮೇಸ್ತ್ರಿ ಚೀಟಿ ಬಿಡಿಸಿದರು. ಒಬ್ಬ ಬಣ್ಣ ಬಳಿಯುವವನ ಅರ್ಜಿಯ ಸಂಖ್ಯೆ ಅದರಲ್ಲಿತ್ತು. ಅಟ್ಟಣಿಗೆಯಿಂದ ಬಿದ್ದು ಬಲಗಾಲು ಮಂಡಿಯ ಕೆಳಗೆ ಹೋಗಿತ್ತು. ಮಂಗಳವಾರ ತಾನು ಅವನ ಕಾಲನ್ನು ಎದುರಿನಿಂದ ನೋಡಿದ್ದೆ, ಬುಧವಾರ ತೆರೆದರೆ ಅದು ಇಲ್ಲ, ಪಕ್ಕದ ಫೋಟೋ ಇದೆ ಎಂದು ಅವರು ಹೇಳಿದರು. ಅವಳು ನಗುತ್ತ, ಬೇರೆ ಯಾರದೋ ಫೋಟೋ ನೋಡಿ ಗೊಂದಲ ಮಾಡಿಕೊಂಡಿರಬಹುದು ಎಂದಳು. ದಿನಕ್ಕೆ ಇಪ್ಪತ್ತು ಅರ್ಜಿ ನೋಡುವವರು, ವಯಸ್ಸೂ ಆಯಿತು ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲವಾದರೂ ದನಿಯಲ್ಲಿ ಅದಿತ್ತು.

"ನೋಡಮ್ಮ," ಎಂದರು ಮೇಸ್ತ್ರಿ. "ನಾನು ಜನರ ಮುಖ ಮರೀತೀನಿ. ಹೆಸರಂತೂ ಸರಿಯೇ ಸರಿ. ಕಾಲು ಮರೆಯಲ್ಲ."

ಅಷ್ಟು ಹೇಳಿ ಇಳಿದುಹೋದರು. ಅವಳು ಉಸಿರು ಬಿಟ್ಟು, ಅರ್ಜಿಯ ಮೇಲಿದ್ದ ದಪ್ಪ ಅಕ್ಷರವನ್ನು ಕೆಂಪು ಮಾಡಿದಳು. ಅಪೂರ್ಣ ಅರ್ಜಿ ಬಂದರೆ ತಾನಾಗಿಯೇ ಒಂದು ಸಂದೇಶ ಹೋಗುವಂತೆ ಹೋದ ತಿಂಗಳು ವ್ಯವಸ್ಥೆ ಮಾಡಿದ್ದಳಲ್ಲ, ಅದಕ್ಕೆ ಇನ್ನೊಂದು ಸಾಲು ಸೇರಿಸಿದಳು: ದಯವಿಟ್ಟು ಸೂಚನೆಗಳನ್ನು ಗಮನವಿಟ್ಟು ಓದಿರಿ.

ಅವಳಿಗೆ ಸಿಟ್ಟು ಬರಲು ಕಾರಣವೂ ಇತ್ತು. ಆರು ವಾರದ ಹಿಂದೆ ಅವಳು ಎರಡು ತಿಂಗಳ ಕೆಲಸ ಮುಗಿಸಿದ್ದಳು. ಯಾರಿಗೂ ಕಾಣದ, ಯಾರೂ ಭೇಷ್ ಎನ್ನದ ಕೆಲಸ. ಅವಳ ವೆಬ್ ಅರ್ಜಿ ನಿಂತಿದ್ದದ್ದು ಒಂದು ಫ್ರೇಮ್‌ವರ್ಕಿನ ಮೇಲೆ. ಎಂದರೆ, ಜಗತ್ತಿನ ಯಾವ ಯಾವುದೋ ಮೂಲೆಯ ಜನ ಸೇರಿ ಮಾಡಿಟ್ಟ ಒಂದು ಸಿದ್ಧ ಚೌಕಟ್ಟು. ಫೈಲ್ ಬಂದರೆ ಹೇಗೆ ತೆಗೆದುಕೊಳ್ಳಬೇಕು, ಎಲ್ಲಿಡಬೇಕು, ಯಾರ ಅರ್ಜಿಗೆ ಕಟ್ಟಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಅದರ ಹಳೆಯ ಆವೃತ್ತಿಗೆ ಇನ್ನು ರಕ್ಷಣೆ ಇಲ್ಲ ಎಂದು ಪ್ರಕಟಣೆ ಬಂದಿತ್ತು. ಹಾಗಾಗಿ ಮನೆಯಲ್ಲಿ ಜನ ಇರುವಾಗಲೇ ಅಡಿಪಾಯ ಬದಲಿಸಿದ ಹಾಗೆ, ಅರ್ಜಿ ನಡೆಯುತ್ತಿರುವಾಗಲೇ ಅವಳು ಹೊಸ ಆವೃತ್ತಿಗೆ ಏರಿಸಿದ್ದಳು. ಒಂದು ಗಂಟೆಯೂ ಕೆಲಸ ನಿಂತಿರಲಿಲ್ಲ. ಪರೀಕ್ಷೆಗಳೆಲ್ಲ ಹಸಿರು, ಎಂದರೆ ಒಂದೂ ತಪ್ಪು ತೋರಿಸಿರಲಿಲ್ಲ. ಇದನ್ನು ನಿರ್ದೇಶಕರಿಗೆ ಹೇಳಿದಾಗ ಅವರು, ಒಳ್ಳೆಯದಾಯಿತು, ಹಾಗೇ ನನ್ನ ಕೋಣೆಯ ಪ್ರೊಜೆಕ್ಟರ್ ಒಂದಿಷ್ಟು ನೋಡಿ ಎಂದಿದ್ದರು.

ಮೇಸ್ತ್ರಿಯ ದೂರು ಬಂದಾಗಲೆಲ್ಲ ಅವಳು ತನ್ನ ಮೇಜಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಳು. ನಾಲ್ಕು ಫೈಲು ಆರಿಸುವುದು, ಗುಂಡಿ ಒತ್ತುವುದು, ನಾಲ್ಕೂ ಬಂದು ಕೂರುವುದು. ಹತ್ತು ಸಲ ಮಾಡಿದರೂ ನಾಲ್ಕೇ. ಅಂದ ಮೇಲೆ ತಪ್ಪು ಯಾರದು? ಕಣ್ಣೆದುರಿನ ಅಕ್ಷರ ಓದದವರದ್ದೇ ತಾನೆ?

ಶುಕ್ರವಾರ ಮಧ್ಯಾಹ್ನ ಕೆಳಗಿನ ಕೌಂಟರಿನಲ್ಲಿ ಕೂರುವ ಅಕ್ಕ ಅವಳನ್ನು ಕರೆದಳು. ವಯಸ್ಸಿನಲ್ಲಿ ಹಿರಿಯಳು, ಎಲ್ಲರಿಗೂ ಅಕ್ಕ. ಬರುವವರ ಅಳು, ಜಗಳ, ಆಶೀರ್ವಾದ ಎಲ್ಲ ಮೊದಲು ಬೀಳುವುದು ಅವಳ ಕಿವಿಗೇ. ಅರ್ಜಿಯ ಕೊನೆಯಲ್ಲಿ 'ಬೇರೆ ಏನಾದರೂ ಹೇಳುವುದಿದ್ದರೆ' ಎಂಬ ಖಾಲಿ ಜಾಗವೊಂದಿತ್ತು. ಅಲ್ಲಿ ಜನ ಬರೆದದ್ದನ್ನು ಅಕ್ಕ ಓದುತ್ತಿದ್ದಳು. ಬೇರೆ ಯಾರೂ ಓದುತ್ತಿರಲಿಲ್ಲ. ಆ ದಿನ ಒಂದನ್ನು ತೆರೆದು ಪರದೆಯನ್ನು ಅವಳ ಕಡೆಗೆ ತಿರುಗಿಸಿದಳು. ಆ ಬಣ್ಣ ಬಳಿಯುವವನ ಅರ್ಜಿ. ಬರೆದವಳು ಅವನ ಹೆಂಡತಿ.

'ನಾಲ್ಕು ಸಲ ಕಳಿಸಿದ್ದೇನೆ. ಪ್ರತಿ ಸಲವೂ ಫೋಟೋ ಇಲ್ಲ ಎನ್ನುತ್ತೀರಿ. ನಮ್ಮವರು ಆ ಕಾಲನ್ನು ನನಗೂ ತೋರಿಸುವವರಲ್ಲ. ಗೋಡೆಗೆ ಮುಖ ಮಾಡಿಕೊಂಡು ಕೂತು ತೆಗೆಸಿಕೊಂಡರು. ಇನ್ನು ಕಟ್ಟು ಬಿಚ್ಚುವುದಿಲ್ಲವಂತೆ. ಕಾಲೂ ಬೇಡವಂತೆ. ಅರ್ಜಿ ತೆಗೆದುಹಾಕಿ.'

ಅವಳು ಎರಡು ಸಲ ಓದಿದಳು. ಆಮೇಲೆ, ಫೋನಿನಲ್ಲಿ ಏನೋ ತೊಂದರೆ ಇದ್ದಿರಬೇಕು, ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಹೀಗಾಗುತ್ತದೆ ಎಂದು ಶುರುಮಾಡಿದಳು. ಅಕ್ಕ ಕೈ ಅಡ್ಡ ಹಿಡಿದಳು.

"ನೀನು ಹೇಗೆ ಕಳಿಸ್ತೀಯ ಅಂತ ಗೊತ್ತು ನನಗೆ. ಜನ ಹೇಗೆ ಕಳಿಸ್ತಾರೆ ಅಂತ ನೋಡಿದ್ದೀಯಾ?"

ನೋಡಿರಲಿಲ್ಲ. ಅಕ್ಕ ತನ್ನ ಹಳೆಯ ಫೋನು ತೆಗೆದಳು. ಸ್ಟೂಲಿನ ಮೇಲೆ ತನ್ನದೇ ಕಾಲು ಚಾಚಿ ಒಂದು ಫೋಟೋ ತೆಗೆದಳು. ಅರ್ಜಿ ತೆರೆದು ಅದೊಂದನ್ನು ಲಗತ್ತಿಸಿ ಕಳಿಸಿದಳು. ಆಮೇಲೆ ಕಾಲು ತಿರುಗಿಸಿ ಇನ್ನೊಂದು ತೆಗೆದಳು, ಮತ್ತೆ ಅದೇ ಅರ್ಜಿಗೆ ಹೋಗಿ ಅದನ್ನು ಕಳಿಸಿದಳು. ನೋವಿರುವ ಕಾಲು, ಒಂದು ಕೈಯಲ್ಲಿ ಫೋನು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ. ಯಾರು ತಾನೇ ನಾಲ್ಕನ್ನೂ ತೆಗೆದು ಜೋಡಿಸಿಟ್ಟುಕೊಂಡು ಒಟ್ಟಿಗೆ ಕಳಿಸುತ್ತಾರೆ? ತೆಗೆದ ಹಾಗೆ ಕಳಿಸುತ್ತಾರೆ.

ಕೌಂಟರಿನ ಪರದೆಯಲ್ಲಿ ಅರ್ಜಿ ತೆರೆದುಕೊಂಡಿತು. ಮೊದಲ ಫೋಟೋ ಇದ್ದ ಜಾಗದಲ್ಲಿ ಎರಡನೆಯದು ಕೂತಿತ್ತು. ಮೊದಲನೆಯದು ಇರಲಿಲ್ಲ.

ಅವಳು ಬಗ್ಗಿ ಪರದೆಯನ್ನು ಮತ್ತೊಮ್ಮೆ ನೋಡಿದಳು. ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ಮೂರನೆಯದನ್ನು ತಾನೇ ಕಳಿಸಿದಳು. ಎರಡನೆಯದು ಮಾಯ. ಮೇಲಕ್ಕೆ ಓಡಿದಳು. ಹೊಸ ಆವೃತ್ತಿಯ ಟಿಪ್ಪಣಿಗಳ ಉದ್ದನೆಯ ಪಟ್ಟಿಯಲ್ಲಿ ಹುಡುಕಿದರೆ, ಇತ್ತು. ಒಂದೇ ಒಂದು ಸಾಲು. ಮೊದಲು ಇರುವ ಅರ್ಜಿಗೆ ಹೊಸ ಫೈಲು ಕೊಟ್ಟರೆ ಹಳೆಯದರ ಜೊತೆ ಸೇರುತ್ತಿತ್ತು. ಈಗ ಹಾಗಲ್ಲ: ಕೊಟ್ಟದ್ದಷ್ಟೇ ಇನ್ನು ಮುಂದೆ ಇರತಕ್ಕದ್ದು ಎಂದು ಅರ್ಥ. ಉಳಿದದ್ದನ್ನು ಬಿಡಿಸಿ, ಹಿಂದಿನಿಂದ ಸದ್ದಿಲ್ಲದೆ ಅಳಿಸಿಹಾಕುತ್ತದೆ. ಹಳೆಯ ರೀತಿಯೇ ಬೇಕಿದ್ದರೆ ಇಂಥದ್ದೊಂದು ಸಾಲು ಬದಲಿಸಿಕೊಳ್ಳಿ ಎಂದೂ ಬರೆದಿತ್ತು. ಆ ಪುಟವನ್ನು ಅವಳು ಓದಿರಲಿಲ್ಲವೇ? ಓದಿದ್ದಳು. ಓದಿದ ಗುರುತಿಗೆ ಪುಟವನ್ನು ಉಳಿಸಿಯೂ ಇಟ್ಟುಕೊಂಡಿದ್ದಳು. ಕಣ್ಣು ಸಾಲಿನ ಮೇಲೆ ಹರಿದಿತ್ತು, ಮನಸ್ಸು ಹರಿದಿರಲಿಲ್ಲ. ಗಮನವಿಟ್ಟು ಓದಿರಿ ಎಂದು ಊರಿಗೆಲ್ಲ ಬರೆದವಳು ತಾನು.

ಇನ್ನೂ ಕೆಟ್ಟದ್ದೊಂದು ಆಗ ಹೊಳೆಯಿತು. ಫೋಟೋ ಸಾಲದು ಎಂಬ ಸಂದೇಶ ಹೋಗುತ್ತಿತ್ತಲ್ಲ, ಅದನ್ನು ಓದಿ ಜನ ಕಾಣೆಯಾದದ್ದನ್ನು ಮತ್ತೆ ಕಳಿಸುತ್ತಿದ್ದರು. ಅದು ಬಂದು, ಇದ್ದದ್ದನ್ನು ತಳ್ಳಿ ಕೂರುತ್ತಿತ್ತು. ಆಗ ಮತ್ತೊಂದು ಸಂದೇಶ. ಆರು ವಾರದಿಂದ ಅವಳ ಅರ್ಜಿ ಜನರನ್ನು ಗಾಣದ ಎತ್ತಿನಂತೆ ಸುತ್ತಿಸಿತ್ತು.

ಸಾಲು ಬದಲಿಸುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಕಳೆದದ್ದನ್ನು ಹುಡುಕುವುದಕ್ಕೆ ಆ ಮಧ್ಯಾಹ್ನವೆಲ್ಲ ಹೋಯಿತು. ಫೈಲುಗಳಿಗೆ ಒಂದು ಪ್ರತಿ ಬೇರೆ ಕಡೆ ಇತ್ತು, ಪ್ರತಿದಿನ ತಾನಾಗಿಯೇ ನಕಲಾಗುತ್ತಿತ್ತು. ಅದನ್ನು ತೆರೆದಳು. ಆದರೆ ಆ ನಕಲು ಕನ್ನಡಿಯ ಥರದ್ದು. ಇಲ್ಲಿ ಅಳಿಸಿದ್ದು ಮರುದಿನ ಅಲ್ಲಿಯೂ ಅಳಿಯುತ್ತಿತ್ತು. ಹಾಗೆ ಏರ್ಪಾಡು ಮಾಡಿದವಳೂ ಅವಳೇ. ಜಾಗ ಉಳಿಯಲಿ ಎಂದು. ಆ ದಿನ ಬೆಳಿಗ್ಗೆಯಿಂದ ಅಳಿದ ಒಂಬತ್ತು ಫೋಟೋ ಮಾತ್ರ ಸಿಕ್ಕವು. ಲೆಕ್ಕ ಹಾಕಿದರೆ ಫೋಟೋ ಕಳೆದುಕೊಂಡದ್ದು ನೂರ ಅರವತ್ತಮೂರು ಅರ್ಜಿಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತನ್ನು ಅವಳು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ತೆಗೆದುಕೊಂಡಿದ್ದಳು.

ನಿರ್ದೇಶಕರ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. ಅವರು ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಕನ್ನಡಕ ಒರೆಸುತ್ತ, ತಾಂತ್ರಿಕ ಕಾರಣಗಳಿಂದ ಕೆಲವು ಅರ್ಜಿಗಳ ದಾಖಲೆ ಲಭ್ಯವಿಲ್ಲ, ಮತ್ತೊಮ್ಮೆ ಸಲ್ಲಿಸಿ ಎಂದು ಎಲ್ಲರಿಗೂ ಒಂದು ಸಂದೇಶ ಕಳಿಸಿಬಿಡಿ ಎಂದರು. ತಪ್ಪು ನಮ್ಮದು ಎಂದು ಬರೆಯಬೇಕು ಎಂದಳು ಅವಳು. ತಪ್ಪು, ಗಿಪ್ಪು ಎಂದೆಲ್ಲ ಬರೆದರೆ ನಾಳೆ ಯಾರಾದರೂ ಅದನ್ನೇ ಹಿಡಿದುಕೊಂಡು ಬರುತ್ತಾರೆ ಎಂದು ಅವರು. ಮಾತು ಅಡ್ಡಗೋಡೆಯ ಮೇಲಿನ ದೀಪದ ಹಾಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಂತಿತು. ಕಡೆಗೆ, ಸೋಮವಾರ ನೋಡೋಣ ಎಂದರು.

ಮನೆಗೆ ಬಂದಾಗ ಅವಳ ಅತ್ತೆ ಕಿಟಕಿಯ ಬಳಿ ಕೂತು ಪತ್ರಿಕೆಯ ಪದಬಂಧ ತುಂಬಿಸುತ್ತಿದ್ದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಆಪರೇಟರ್ ಆಗಿದ್ದವರು. ಈಗಲೂ ಮನೆಯ ಫೋನು ಎತ್ತಿದರೆ ಆ ಕಡೆಯವರು ಯಾವುದೋ ಕಚೇರಿಗೆ ಹೋಯಿತೆಂದು ತಬ್ಬಿಬ್ಬಾಗುತ್ತಿದ್ದರು. ಸೊಸೆಯ ಮುಖ ನೋಡಿದವರೇ ಪೆನ್ನು ಕೆಳಗಿಟ್ಟು ಏನಾಯಿತೆಂದು ಕೇಳಿದರು. ಅವಳು ಹೇಳಿದಳು. ಮೇಸ್ತ್ರಿಗೆ ಏನೆಂದು ಹೇಳಿ ನಕ್ಕಿದ್ದಳೋ ಅದನ್ನೂ ಬಿಡದೆ ಹೇಳಿದಳು.

ಅತ್ತೆ ಪತ್ರಿಕೆ ಮಡಚಿಟ್ಟರು.

"ನಾವೂ ಮಾಡ್ತಿದ್ವಿ ಕಣೇ," ಎಂದರು. "ಕೈ ತಪ್ಪಿ ಬೇರೆ ತೂತಿಗೆ ಪಿನ್ನು ಚುಚ್ಚಿದರೆ ಕಾಲ್ ಇನ್ಯಾರಿಗೋ ಹೋಗೋದು. ಆಗ, ನೀವು ನಂಬರ್ ಸರಿಯಾಗಿ ಹೇಳಲಿಲ್ಲ ಅಂತ ಆ ಕಡೆಯವರನ್ನೇ ಗದರಿಸ್ತಿದ್ವಿ. ಅವರು ಪಾಪ, ಹೌದೇನೋ ಅಂತ ಕ್ಷಮೆ ಕೇಳೋರು. ಅದು ನೆನಪಾದರೆ ಈಗಲೂ ಮುಜುಗರ ಆಗುತ್ತೆ."

ಆಮೇಲೆ, ನೂರ ಅರವತ್ತಮೂರು ಜನಕ್ಕೆ ಫೋನು ಮಾಡುವವರು ಯಾರು ಎಂದು ಕೇಳಿದರು. ಸಂದೇಶ ಕಳಿಸುವುದು ಎಂದಿದ್ದಾರೆ ಎಂದಳು. ನಾಲ್ಕು ಸಲ ಅದೇ ಸಂದೇಶ ಬಂದವರು ಐದನೆಯದನ್ನು ಓದುತ್ತಾರೆಯೇ ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ಅವಳು ನಿರ್ದೇಶಕರನ್ನು ಕಾಯಲಿಲ್ಲ. ಮೊದಲು ಕಾರ್ಯಾಗಾರಕ್ಕೆ ಹೋದಳು. ಮೇಸ್ತ್ರಿ ಬಿಳಿ ಅಚ್ಚೊಂದನ್ನು ಎರಡು ಕೈಯಲ್ಲಿ ಹಿಡಿದು, ಉಳಿದ ಕಾಲು ಕೂರುವ ಬಟ್ಟಲಿನ ಅಂಚನ್ನು ಅರದಿಂದ ಉಜ್ಜುತ್ತಿದ್ದರು. ಅವಳು ನಿಂತು, ನೀವು ಹೇಳಿದ್ದು ಸರಿ, ಆ ಫೋಟೋ ಇತ್ತು, ನಾನೇ ಅಳಿಸಿದ್ದು ಎಂದಳು. ಮೇಸ್ತ್ರಿ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನೀನು ಯಾಕಮ್ಮ ಅಳಿಸ್ತೀಯ? ಅದು ಅಳಿಸಿತು."

"ಅದು ಅಳಿಸಲಿ ಅಂತ ನಾನು ಬಿಟ್ಟೆ."

ಅರ ನಿಂತಿತು. ಆ ಬಣ್ಣದವನ ಮನೆ ಎಲ್ಲಿ ಎಂದು ಕೇಳಿದರು. ಇದೇ ಊರಿನ ಆಚೆ ತುದಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮೇಸ್ತ್ರಿ ಕೈ ತೊಳೆದು, ಒಂದು ಚೀಲಕ್ಕೆ ಅಳತೆ ಪಟ್ಟಿ, ಪ್ಲಾಸ್ಟರ್ ಬಟ್ಟೆಯ ಸುರುಳಿ, ಒಂದು ಜೊತೆ ಕೈಗವಸು ಹಾಕಿಕೊಂಡರು. ಮೂವತ್ತೊಂದು ವರ್ಷದಲ್ಲಿ ಅವರು ಯಾರ ಮನೆಗೂ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಮೂರನೆಯ ಮಹಡಿ. ಮೆಟ್ಟಿಲ ಗೋಡೆಗೆ ಅರ್ಧದವರೆಗೆ ಹೊಸ ಹಸಿರು ಬಣ್ಣ, ಅಲ್ಲಿಂದ ಮೇಲೆ ಹಳೆಯ ಕೊಳಕು ಹಳದಿ. ಯಾರೋ ನಡುವೆ ಕೈಬಿಟ್ಟ ಕೆಲಸ. ಬಾಗಿಲು ತೆಗೆದವಳು ಹೆಂಡತಿ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು, ಹಿಂದಿನ ಮೇಜಿನ ಮೇಲೆ ಅಚ್ಚಿನ ಹಾಳೆಗಳ ರಾಶಿ. ಮುದ್ರಣಾಲಯಕ್ಕೆ ಕರಡು ತಿದ್ದುವ ಕೆಲಸ ಅವಳದು. ಯಾರೆಂದು ತಿಳಿದ ಮೇಲೆ ಅವಳು ಬಾಗಿಲಿಗೆ ಅಡ್ಡವಾಗಿಯೇ ನಿಂತಳು.

"ಸೂಚನೆ ಗಮನವಿಟ್ಟು ಓದಿ ಅಂತ ಬರೆದದ್ದು ನೀವೇನಾ?"

"ಹೌದು."

"ದಿನಕ್ಕೆ ಅರವತ್ತು ಪುಟ ಓದ್ತೀನಿ, ಒಂದು ಕೊಂಬು ಬಿಡದ ಹಾಗೆ. ನಿಮ್ಮ ಸೂಚನೆ ನಾಲ್ಕು ಸಲ ಓದಿದೆ. ಅದರಲ್ಲಿ ಎರಡು ಅಕ್ಷರ ತಪ್ಪಿದೆ."

ಅವಳು ತಲೆ ತಗ್ಗಿಸಿದಳು. ಕ್ಷಮಿಸಿ ಎನ್ನುವ ಮಾತನ್ನು ಬಸ್ಸಿನಲ್ಲಿ ಎಷ್ಟೋ ರೀತಿ ಜೋಡಿಸಿಕೊಂಡು ಬಂದಿದ್ದಳು. ಅದನ್ನು ಆಡುವಷ್ಟರಲ್ಲಿ ಒಳಗಿನಿಂದ ಗಂಡಸಿನ ದನಿ, ಯಾರು ಎಂದು ಕೇಳಿತು. ಕಾಲಿನವರು ಎಂದಳು ಹೆಂಡತಿ. ಬೇಡ ಅಂತ ಹೇಳಿದೆನಲ್ಲ ಎಂದಿತು ದನಿ. ಆದರೂ ಹೆಂಡತಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಬಣ್ಣದವನು ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ನಲವತ್ತರ ಆಸುಪಾಸು, ಅಗಲ ಹೆಗಲು, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ನೀಲಿ. ತೊಡೆಯ ಮೇಲೆ ಹೊದಿಕೆ ಎಳೆದುಕೊಂಡಿದ್ದ. ಅವಳು ನಿಂತುಕೊಂಡೇ ಹೇಳಿದಳು. ನೀವು ಕಳಿಸಿದ್ದೆಲ್ಲ ಬಂದಿತ್ತು. ಪ್ರತಿ ಹೊಸ ಫೋಟೋ ಬಂದಾಗಲೂ ನಮ್ಮ ಕಡೆ ಹಳೆಯದು ಅಳಿದುಹೋಗುತ್ತಿತ್ತು. ಅದು ನಾನು ಮಾಡಿದ ಒಂದು ಬದಲಾವಣೆಯಿಂದ ಆದದ್ದು. ನೀವು ಏನೂ ತಪ್ಪು ಮಾಡಿರಲಿಲ್ಲ. ಆದರೂ ನಾಲ್ಕು ಸಲ ನಿಮ್ಮದೇ ತಪ್ಪು ಎಂದೆವು.

ಅವನು ಅವಳನ್ನೇ ದಿಟ್ಟಿಸಿದ.

"ಅಂದರೆ ಒಂದು ಕೋಟ್ ಬಳಿದ ಮೇಲೆ ಇನ್ನೊಂದು ಕೋಟ್ ಬಳೀಬೇಕಾದರೆ ಮೊದಲಿನದ್ದನ್ನ ಕೆರೆದು ಹಾಕ್ತಾ ಇತ್ತು."

"ಹಾಗೇ."

"ಆರು ವಾರ ನಿಮಗೆ ಗೊತ್ತಾಗಲಿಲ್ಲ."

"ಜನ ಹೇಳಿದರು. ನಾನು ನಂಬಲಿಲ್ಲ."

ಅವನು ಮುಖ ತಿರುಗಿಸಿ ಗೋಡೆ ನೋಡತೊಡಗಿದ. ಮೇಸ್ತ್ರಿ ಮಾತ್ರ, ತನಗೂ ಈ ಮಾತಿಗೂ ಸಂಬಂಧವಿಲ್ಲವೆಂಬಂತೆ, ಸ್ಟೂಲು ಎಳೆದುಕೊಂಡು ಅವನ ಎದುರು ಕೂತು ಕೈಗವಸು ಹಾಕಿಕೊಳ್ಳುತ್ತಿದ್ದರು. ಮಂಗಳವಾರ ನಿಮ್ಮ ಫೋಟೋ ನೋಡಿದ್ದೆ, ಹೊಲಿಗೆ ಚೆನ್ನಾಗಿ ಕೂತಿದೆ, ಎಡಗಡೆ ಒಂದಿಷ್ಟು ಊತ ಇತ್ತು, ಈಗ ಇಳಿದಿರಬೇಕು ಎಂದರು. ಹವಾಮಾನದ ಮಾತಾಡುವಂಥ ದನಿ. ಬಣ್ಣದವನು ನಿಧಾನವಾಗಿ ಇತ್ತ ತಿರುಗಿದ. ನಾಲ್ಕು ಸಲ ಕಳಿಸಿದ ಕಾಲನ್ನು ಒಬ್ಬರಾದರೂ ನೋಡಿದ್ದರು ಎಂಬುದು ಅವನಿಗೆ ಆಗಲೇ ತಿಳಿದದ್ದು.

"ಅವರು ಹೊರಗೆ ಇರಲಿ," ಎಂದ, ಅವಳನ್ನು ನೋಡದೆ.

ಅವಳು ಅಡುಗೆಮನೆಗೆ ಹೋದಳು. ಹೆಂಡತಿ ಬಾಗಿಲು ಎಳೆದುಕೊಂಡು ಬಂದು ಎದುರು ನಿಂತಳು. ಕೂರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ನೀರಿನ ತೊಟ್ಟಿಯ ಪಕ್ಕ ಬಣ್ಣದ ಕುಂಚಗಳನ್ನು ತೊಳೆದು ಒರಗಿಸಿಟ್ಟಿತ್ತು. ಅವುಗಳ ಕಡೆ ನೋಡುತ್ತ ಹೆಂಡತಿ, ಮೊದಲನೇ ಸಲ ಫೋಟೋ ತೆಗೆಸಿಕೊಳ್ಳಲು ಅವರನ್ನು ಒಪ್ಪಿಸುವುದಕ್ಕೆ ಹನ್ನೆರಡು ದಿನ ಬೇಕಾಯಿತು ಎಂದಳು. ಎರಡನೆಯ ಸಲ ಕೇಳಿದಾಗ, ನಿನಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ಅವರು ಬೈದರಂತೆ. ಮೂರನೆಯ ಸಲ ತಾನೇ ಹಾಗೆ ನಂಬಿದ್ದಳಂತೆ. ಅವಳು ಕೇಳಿಸಿಕೊಂಡಳು. ಸಮಾಧಾನದ ಮಾತು ಹೇಳಲು ಅಲ್ಲಿ ತನಗೆ ಹಕ್ಕಿಲ್ಲ ಎಂಬಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು.

ಒಂದು ಗಂಟೆಯ ಮೇಲೆ ಮೇಸ್ತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಚ್ಚನ್ನು ಎತ್ತಿಕೊಂಡು ಹೊರಬಂದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು, ಯಾರಿಗೂ ತಾಗಗೊಡಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು ಆಡಿದರು: ಇನ್ನು ನೂರ ಅರವತ್ತೆರಡು ಮನೆಗೆ ಹೋಗಲು ನನ್ನಿಂದ ಆಗಲ್ಲ ಕಣಮ್ಮ.

ಸಂಸ್ಥೆಗೆ ಮರಳಿದರೆ ಕೌಂಟರಿನಲ್ಲಿ ಅಕ್ಕನ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ಅವಳು ಬೆಳಿಗ್ಗೆ ಮೇಜಿನ ಮೇಲೆ ಬಿಟ್ಟುಹೋಗಿದ್ದ ಪಟ್ಟಿ ಅವರ ಮುಂದಿತ್ತು. ಆಗಲೇ ಹದಿನೇಳು ಹೆಸರಿಗೆ ಗುರುತು ಬಿದ್ದಿತ್ತು. ನಿರ್ದೇಶಕರು ಎರಡು ಸಲ ಬಂದು ಇದು ಯಾರು ಎಂದು ಕೇಳಿದರಂತೆ. ಅತ್ತೆ ಕೈಯಲ್ಲಿ ರಿಸೀವರ್ ಹಿಡಿದೇ, ಲೈನಿನಲ್ಲಿದ್ದೇನೆ, ಆಮೇಲೆ ಬನ್ನಿ ಎಂದರಂತೆ. ಆ ದನಿಗೆ ಅವರು ನಿಜವಾಗಿಯೂ ಹೊರಟುಹೋದರು ಎಂದು ಅಕ್ಕ ಹೇಳಿದಳು. ಮತ್ತೆ ಬಂದ ನಿರ್ದೇಶಕರು ಕಂಪ್ಯೂಟರಮ್ಮನಿಗೆ, ಮಾಡಿದ್ದು ಆಯಿತು, ಆದರೆ ನನ್ನನ್ನು ಕೇಳಿ ಮಾಡಬೇಕಿತ್ತು ಎಂದು ಲಿಖಿತವಾಗಿ ಒಂದು ಪತ್ರ ಕೊಟ್ಟರು. ಅವಳು ಸಹಿ ಮಾಡಿ ತೆಗೆದುಕೊಂಡಳು.

ಫೋನು ಮಾಡುವುದು ಮೂರು ವಾರ ನಡೆಯಿತು. ಕೆಲವರ ಫೋನಿನಲ್ಲಿ ಹಳೆಯ ಫೋಟೋ ಇನ್ನೂ ಇತ್ತು. ಮತ್ತೆ ಕಳಿಸಿದರು, ಈ ಸಲ ನಾಲ್ಕೂ ಉಳಿದವು. ಕೆಲವರು ಜಾಗವಿಲ್ಲವೆಂದು ಅಳಿಸಿದ್ದರು, ಮತ್ತೆ ತೆಗೆಯಬೇಕಾಯಿತು. ಒಬ್ಬರು ಅವಳಿಗೆ ಬಾಯಿಗೆ ಬಂದಂತೆ ಬೈದು ಫೋನಿಟ್ಟರು, ಅರ್ಧ ಗಂಟೆ ಬಿಟ್ಟು ತಾವೇ ಮಾಡಿ ಮತ್ತೆ ಬೈದರು. ಇನ್ನೊಬ್ಬ ಅಜ್ಜಿ, ನಾನೇ ಏನೋ ತಪ್ಪು ಗುಂಡಿ ಒತ್ತಿದೆ ಅಂದುಕೊಂಡಿದ್ದೆ ಮಗಳೇ ಎಂದಾಗ, ಬೈಗುಳವೇ ಮೇಲಾಗಿತ್ತು ಅನ್ನಿಸಿತು. ಪ್ರತಿಯೊಬ್ಬರಿಗೂ ಅವಳು ತಪ್ಪು ನಮ್ಮದು ಎಂಬ ಮಾತನ್ನೇ ಮೊದಲು ಹೇಳಿದಳು. ಐವತ್ತನೆಯ ಸಲವೂ ಅದು ನಾಲಗೆಗೆ ಸಲೀಸಾಗಲಿಲ್ಲ. ಈ ನಡುವೆ ಅಳಿಸುವ ಕೆಲಸ ಮೂರು ತಿಂಗಳು ಕಾದು ಆಮೇಲೆ ನಡೆಯುವಂತೆ ಬದಲಿಸಿದಳು. ಕನ್ನಡಿಯ ನಕಲನ್ನು ಕಿತ್ತು ಬೇರೆ ಬಗೆಯದನ್ನು ಹಾಕಿದಳು. ಒಂದೊಂದೇ ಫೋಟೋ ಕಳಿಸುವ ಪರೀಕ್ಷೆಯನ್ನೂ ಬರೆದಳು. ಮೊದಲೇ ಬರೆಯಬೇಕಿದ್ದ ಎಂಟು ಸಾಲು.

ಬಣ್ಣದವನ ಕಾಲು ಐದನೆಯ ವಾರ ಸಿದ್ಧವಾಯಿತು. ಅವನು ಎರಡು ಕಂಬಿಗಳ ನಡುವೆ ಕೈಯೂರಿ ಹೆಜ್ಜೆ ಹಾಕುವಾಗ ಮೇಸ್ತ್ರಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಟ್ಟಲಿನ ಅಂಚನ್ನೇ ನೋಡುತ್ತಿದ್ದರು. ನಾಲ್ಕನೆಯ ಹೆಜ್ಜೆಗೆ ಅವನು ನೋವೆಂದು ನಿಂತ. ಮೇಸ್ತ್ರಿ ಬಿಚ್ಚಿ, ಉಜ್ಜಿ, ಮತ್ತೆ ತೊಡಿಸಿದರು. ಅವಳು ಮೆಟ್ಟಿಲ ತುದಿಯಿಂದ ನೋಡುತ್ತಿದ್ದಳು, ಇಳಿದುಹೋಗಲಿಲ್ಲ. ಅವನು ಒಮ್ಮೆ ತಲೆ ಎತ್ತಿ ಅವಳನ್ನು ಕಂಡ. ಮುಗುಳ್ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಮತ್ತೆ ತನ್ನ ಹೆಜ್ಜೆಯ ಕಡೆ ನೋಡಿಕೊಂಡ.

ಕಾಗದಕ್ಕೆ ಸಹಿ ಹಾಕಲು ಹೆಂಡತಿ ಮೇಲೆ ಬಂದಳು. ಸಹಿ ಹಾಕುವ ಮೊದಲು ಇಡೀ ಹಾಳೆಯನ್ನು ಓದಿ, ಒಂದು ಕಡೆ ಪೆನ್ಸಿಲಿನಲ್ಲಿ ಒತ್ತಕ್ಷರ ತಿದ್ದಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಎಲ್ಲರಿಗೂ ಹೇಳಿದಿರಾ?"

"ಹನ್ನೊಂದು ಜನ ಸಿಕ್ಕಿಲ್ಲ. ಫೋನ್ ಹೋಗುತ್ತೆ, ಎತ್ತಲ್ಲ. ನಮ್ಮ ನಂಬರ್ ನೋಡಿದರೆ ಮತ್ತೆ ಫೋಟೋ ಕೇಳ್ತಾರೆ ಅಂತ ಇರಬೇಕು."

"ಇನ್ನೇನು. ನಾನಾದರೂ ಎತ್ತುತ್ತಿರಲಿಲ್ಲ," ಎಂದಳು ಹೆಂಡತಿ. ಒಂದು ಗಳಿಗೆ ಯೋಚಿಸಿ, ಕಾಗದದಲ್ಲಿ ಬರೆದು ಅಂಚೆಗೆ ಹಾಕಿ, ಅಚ್ಚು ಮಾಡಿದ್ದಲ್ಲ, ಕೈಯಲ್ಲಿ ಬರೆದದ್ದಾದರೆ ಜನ ತೆರೆದು ನೋಡುತ್ತಾರೆ ಎಂದು ಹೇಳಿ ಇಳಿದುಹೋದಳು.

ಅವಳು ಆ ಮಧ್ಯಾಹ್ನ ಹನ್ನೊಂದು ಹಾಳೆ ತೆಗೆದಿಟ್ಟುಕೊಂಡಳು. ವರ್ಷಗಳಿಂದ ಕೀಲಿಮಣೆ ಬಿಟ್ಟು ಬೇರೇನನ್ನೂ ಮುಟ್ಟದ ಕೈ. ಮೂರನೆಯ ಸಾಲಿಗೇ ಹೆಬ್ಬೆರಳು ನೋಯತೊಡಗಿತು. ಪ್ರೊಜೆಕ್ಟರ್ ಹತ್ತುತ್ತಿಲ್ಲ ಎಂದು ನಿರ್ದೇಶಕರು ಹೇಳಿ ಕಳಿಸಿದರು. ಕಾಯಲಿ ಎಂದು ಹೇಳಿ, ಮೊದಲ ಪತ್ರವನ್ನು ಬರೆದು ಮುಗಿಸಿ, ಅಕ್ಷರ ತಪ್ಪಿದೆಯೇ ಎಂದು ಎರಡು ಸಲ ಓದಿದಳು.